ಹಳದಿಯ ವಿಳಾಸ

ಟೊಮೇಟೊ ಬೀಜವನ್ನು ಮನೆಯೊಳಗೆ ಮೊಳೆಯಿಸಿ ಎನ್ನುವ ಪುಸ್ತಕಗಳು ಹೆಚ್ಚಾಗಿ ಚಳಿದೇಶದವು. ಅಲ್ಲಿ ಹೊರಗೆ ಹಿಮ, ಒಳಗೆ ಹೀಟರಿನ ಒಣ ಗಾಳಿ. ಮುಂಬಯಿ ಬಳಿಯ ಅಂಬರನಾಥದಲ್ಲಿ ನಾವೂ ಬೀಜವನ್ನು ಒಳಗೇ ಹಾಕುತ್ತೇವೆ, ಆದರೆ ಹಿಮಕ್ಕೆ ಹೆದರಿ ಅಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಮುಗಿಯುವವರೆಗೆ ಕೈಬಿಡುವುದಿಲ್ಲ. ಮಲಂಗಗಡದ ಬೆಟ್ಟವನ್ನು ಕಣ್ಮರೆ ಮಾಡಿಕೊಂಡು ಬರುವ ಒಂದು ಜೋರು ಮಳೆ ಸಾಕು, ತಾರಸಿಯ ಮೇಲಿನ ಎಳೆ ಸಸಿ ಕೆಸರಿಗೆ ಅಂಟಿಕೊಂಡು ಮಲಗಿಬಿಡುತ್ತದೆ. ಹಾಗಾಗಿ ಶ್ರಾವಣದಲ್ಲಿ ಕಿಟಕಿಯ ಒಳಗೆ ಬೀಜ, ನವರಾತ್ರಿ ಕಳೆದ ಮೇಲೆ ತಾರಸಿಗೆ ಸಸಿ. ನಮ್ಮ ಕಟ್ಟಡದಲ್ಲಿ ಗಿಡದ ಹುಚ್ಚಿರುವ ನಾಲ್ಕೈದು ಮನೆಗಳ ಪಂಚಾಂಗ ಇದು.

ಒಂದು ವರ್ಷ ಒಂದೇ ಪೊಟ್ಟಣದ ಬೀಜವನ್ನು ಎರಡು ಕಡೆ ಹಾಕಿದೆ. ಅರ್ಧ ಬೀಜ ಕೋಕೋಪೀಟ್ ತುಂಬಿದ ಪ್ರೋಟ್ರೇ ಎಂಬ ಸಸಿತಟ್ಟೆಗೆ, ಇನ್ನರ್ಧ ಇಲ್ಲಿನ ನರ್ಸರಿಯವರು ‘ಲಾಲ್ ಮಾತಿ’ ಎಂದು ಚೀಲದಲ್ಲಿ ಮಾರುವ ಕೆಂಪು ಮಣ್ಣಿನ ಕುಂಡಕ್ಕೆ. ವಾರದೊಳಗೆ ಎರಡೂ ಕಡೆ ಮೊಳಕೆ ಬಂತು. ಗಣೇಶ ಚೌತಿಯ ಹೊತ್ತಿಗೆ ಎರಡೂ ಕಡೆ ನಾಲ್ಕು ನಾಲ್ಕು ಎಲೆ. ಎರಡೂ ಕಡೆ ಹಳದಿ.

ಹಬ್ಬಕ್ಕೆ ಬಂದವರು ಗಣಪತಿಗೆ ಕೈಮುಗಿದು ನೇರ ಕಿಟಕಿಗೆ ಬಂದರು. ಕೆಳಗಿನ ಮನೆಯ ವಿಜಯಪುರದ ಕಾಕು, “ಇದಕ ಹಸಿವಿ ಆಗ್ಯದ ತಮ್ಮಾ, ಒಂದ ಮುಷ್ಟಿ ಗೊಬ್ಬರ ಹಾಕು” ಎಂದರು. ಹೋಟೆಲು ಮಾರಿ ವಿಶ್ರಾಂತಿಯಲ್ಲಿರುವ ಉಡುಪಿ ಕಡೆಯ ಹಿರಿಯರು, “ನೀರು ಜಾಸ್ತಿ ಆಯ್ತು ಮಾರಾಯ್ರೆ, ಬೇರು ಕೊಳೀತಾ ಉಂಟು” ಎಂದರು. ಇನ್ನೊಬ್ಬರು ಎಪ್ಸಮ್ ಉಪ್ಪು ಎಂದರು, ಮತ್ತೊಬ್ಬರು ಮೊಟ್ಟೆ ಸಿಪ್ಪೆ ಎಂದರು, ಹುಳಿ ಮಜ್ಜಿಗೆ ಎಂದವರೂ ಇದ್ದರು. ಐದು ಜನ, ಐದು ಔಷಧ, ಕಾಯಿಲೆಗೆ ಮಾತ್ರ ಒಂದೇ ಹೆಸರು: ಎಲೆ ಹಳದಿಯಾಗಿದೆ.

ಹಳದಿ ಎನ್ನುವುದು ಜ್ವರದ ಹಾಗೆ. ಜ್ವರ ಮಲೇರಿಯಾಕ್ಕೂ ಬರುತ್ತದೆ, ನೆಗಡಿಗೂ ಬರುತ್ತದೆ. ಹಸಿರು ಹೋದರೆ ಅದರಡಿ ಮೊದಲೇ ಇದ್ದ ಹಳದಿ ಕಾಣುತ್ತದೆ, ಅಷ್ಟೆ. ಯಾಕೆ ಹೋಯಿತು ಎಂಬುದನ್ನು ಬಣ್ಣ ಹೇಳುವುದಿಲ್ಲ.

ಏನು ಎನ್ನುವ ಮೊದಲು ಎಲ್ಲಿ

ಬಂದವರೆಲ್ಲ ಹೋದ ಮೇಲೆ ಪ್ರೋಟ್ರೇ ಮತ್ತು ಕುಂಡವನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಆಗ ಕಂಡದ್ದು ಇಷ್ಟು. ಕೋಕೋಪೀಟಿನ ಸಸಿಗಳಲ್ಲಿ ಹಳದಿಯಾದದ್ದು ಬುಡದ ಎಲೆ. ತುದಿ ಇನ್ನೂ ತಕ್ಕಮಟ್ಟಿಗೆ ಹಸಿರಾಗಿತ್ತು. ಕೆಂಪು ಮಣ್ಣಿನ ಸಸಿಗಳಲ್ಲಿ ಬುಡ ಹಸಿರು, ತುದಿಯ ಎಳೆ ಎಲೆ ಹಳದಿ, ಅದೂ ನರಗಳು ಮಾತ್ರ ಹಸಿರಾಗಿ ಉಳಿದು ಬಲೆಯ ಹಾಗೆ ಕಾಣುತ್ತಿತ್ತು.

ಬಣ್ಣ ಒಂದೇ, ವಿಳಾಸ ಬೇರೆ. ಟೊಮೇಟೊ ಸಸಿಯ ಎಲೆ ಓದುವುದರಲ್ಲಿ ಮುಕ್ಕಾಲು ಪಾಲು ಕೆಲಸ ಈ ವಿಳಾಸ ಓದುವುದೇ. ಹಳೆಯ ಎಲೆಯೋ ಹೊಸ ಎಲೆಯೋ? ಅಂಚೋ ನಡುವೋ? ಇಡೀ ಎಲೆಯೋ ನರಗಳ ನಡುವಿನ ಜಾಗವೋ?

ಇಲ್ಲಿ ಒಂದು ಸುಳ್ಳು ಗಾಬರಿಯನ್ನು ಬದಿಗಿಡೋಣ. ಮೊಳಕೆಯ ಜೊತೆ ಮೊದಲು ತೆರೆದುಕೊಳ್ಳುವ ನಯವಾದ, ಉದ್ದನೆಯ ಜೋಡಿ ಎಲೆಗಳು ನಿಜವಾದ ಎಲೆಗಳಲ್ಲ, ಬೀಜದಳಗಳು. ಟೊಮೇಟೊ ಬೀಜ ಬಹಳ ಚಿಕ್ಕದು, ಒಂದು ಗ್ರಾಮಿಗೆ ಸುಮಾರು 300. ಅಷ್ಟರಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಒಂದೆರಡು ವಾರಕ್ಕೆ ಸಾಕು. ಬುತ್ತಿ ಮುಗಿದು, ಹಲ್ಲು ಹಲ್ಲಿನ ನಿಜ ಎಲೆಗಳು ಬಂದ ಮೇಲೆ ಬೀಜದಳ ಹಳದಿಯಾಗಿ ಉದುರುವುದು ಸಹಜ. ಅದಕ್ಕೆ ಔಷಧ ಹುಡುಕುವುದು ಖಾಲಿ ಡಬ್ಬಿಗೆ ವೈದ್ಯ ಮಾಡಿದಂತೆ.

ಸ್ಥಾವರ, ಜಂಗಮ

ಗಿಡದ ಒಳಗೆ ಎರಡು ಬಗೆಯ ಕೊಳವೆಗಳಿವೆ. ಒಂದು ನೀರುಗೊಳವೆ, ಶಾಲೆಯಲ್ಲಿ ಓದಿದ ಕ್ಸೈಲಂ. ಇದು ಬೇರಿನಿಂದ ಎಲೆಗೆ ಮಾತ್ರ ಓಡುವ ಗಾಡಿ. ಮಣ್ಣಿನ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಮೇಲೆ ಒಯ್ಯುತ್ತದೆ, ವಾಪಸು ಬರುವುದಿಲ್ಲ. ಇನ್ನೊಂದು ಅನ್ನಗೊಳವೆ, ಅಂದರೆ ಫ್ಲೋಯಂ. ಎಲೆ ಅಡುಗೆ ಮಾಡಿದ ಸಕ್ಕರೆಯನ್ನು ಇದು ಬೇಕಾದಲ್ಲಿಗೆ ಒಯ್ಯುತ್ತದೆ: ಕೆಳಗೆ ಬೇರಿಗೆ, ಮೇಲೆ ಚಿಗುರಿಗೆ. ಬಲಿತ ಎಲೆಯಿಂದ ಏನಾದರೂ ಹೊರಗೆ ಹೋಗಬೇಕಾದರೆ ಇದೊಂದೇ ದಾರಿ.

ಈ ಎರಡನೆಯ ಗಾಡಿಗೆ ಹತ್ತುವ ಪೋಷಕಗಳು ಕೆಲವು, ಹತ್ತದವು ಕೆಲವು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಸಲೀಸಾಗಿ ಹತ್ತುತ್ತವೆ. ಕ್ಯಾಲ್ಸಿಯಂ ಹತ್ತುವುದೇ ಇಲ್ಲ ಎನ್ನಬೇಕು. ಕಬ್ಬಿಣ ಹತ್ತುವುದು ಬಲು ಕಮ್ಮಿ. ಮೊದಲನೆಯವನ್ನು ಜಂಗಮ ಪೋಷಕ ಎಂದೂ ಎರಡನೆಯವನ್ನು ಸ್ಥಾವರ ಪೋಷಕ ಎಂದೂ ಕರೆಯೋಣ. ಈ ಎರಡು ಮಾತುಗಳ ಅರ್ಥವನ್ನು ಕನ್ನಡದವರಿಗೆ ಬಿಡಿಸಿ ಹೇಳುವ ಕೆಲಸ 12ನೇ ಶತಮಾನದಲ್ಲೇ ಮುಗಿದಿದೆ.

ಕಷ್ಟ ಬಂದ ಮನೆಯನ್ನು ನೆನೆಸಿಕೊಳ್ಳಿ. ಮಗನ ಫೀಸು ಕಟ್ಟಬೇಕು, ಕೈಯಲ್ಲಿ ಕಾಸಿಲ್ಲ. ಅಜ್ಜಿಯ ಕೈಬಳೆ ಅಡವಿಗೆ ಹೋಗುತ್ತದೆ. ಅಜ್ಜಿಯ ಕೈ ಬರಿದಾಗುತ್ತದೆ, ಹುಡುಗ ಕಾಲೇಜಿಗೆ ಹೋಗುತ್ತಾನೆ. ಮನೆಯ ತಳಪಾಯದಲ್ಲೂ ದುಡ್ಡಿದೆ, ಕಲ್ಲು ಸಿಮೆಂಟಿನ ರೂಪದಲ್ಲಿ. ಆದರೆ ಅದನ್ನು ಕಿತ್ತು ಮಾರುವಂತಿಲ್ಲ.

ಸಾರಜನಕ ಅಜ್ಜಿಯ ಬಳೆ. ಹಸಿರೆಲೆಯಲ್ಲಿ ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಪ್ರೋಟೀನು ಇದೆ. ಎಲೆಯ ಕರಗುವ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ಇದೇ. ದುಡಿಯುವ ಕಾಲದಲ್ಲಿ ದುಡಿಮೆಯ ಕೈ, ಬರಗಾಲದಲ್ಲಿ ಸಾರಜನಕದ ತಿಜೋರಿ. ಬೇರಿನಿಂದ ಸಾರಜನಕ ಬರುವುದು ನಿಂತರೆ ಸಸಿ ತನ್ನ ಅತಿ ಹಳೆಯ ಎಲೆಯ ರುಬಿಸ್ಕೊವನ್ನು ಒಡೆದು ಬಿಡಿಭಾಗ ಮಾಡಿ ಅನ್ನಗೊಳವೆಗೆ ಹಾಕಿ ಚಿಗುರಿಗೆ ಕಳಿಸುತ್ತದೆ. ಹಸಿರು ಕಳಚುತ್ತದೆ, ಬುಡದ ಎಲೆ ನರಸಮೇತ ಸಮನಾಗಿ ತಿಳಿ ಹಳದಿಗೆ ತಿರುಗುತ್ತದೆ. ಕೆಳಗಿನ ಎಲೆ ಸಾಯುತ್ತಿರುವುದು ರೋಗದಿಂದಲ್ಲ, ಮೇಲಿನವರಿಗೆ ಹಂಚಿ.

ಕೋಕೋಪೀಟಿನ ಸಸಿಗಳಿಗೆ ಆದದ್ದು ಇದೇ. ಕೋಕೋಪೀಟ್ ತೆಂಗಿನ ಸಿಪ್ಪೆಯ ಪುಡಿ. ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಬೇರಿಗೆ ಹಗುರ, ಮೊಳಕೆಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಸಿಗುವುದು ಕಷ್ಟ. ಆದರೆ ಹಾಸಿಗೆಯಲ್ಲಿ ಊಟ ಇರುವುದಿಲ್ಲ. ಬುತ್ತಿ ಮುಗಿಯುವವರೆಗೆ ಸಸಿ ಸುಖವಾಗಿತ್ತು, ಆಮೇಲೆ ಅಜ್ಜಿಯ ಬಳೆಗೆ ಕೈಹಾಕಿತು. ಈ ಪ್ರೋಟ್ರೇಯ ಮಟ್ಟಿಗೆ ಕಾಕು ಹೇಳಿದ್ದು ಪೂರ್ತಿ ಸರಿ. ಎರೆಗೊಬ್ಬರ ನೆನೆಸಿದ ನೀರನ್ನು ತೆಳುವಾಗಿ ಮಾಡಿ ಎರಡು ಸಲ ಹಾಕಿದ ಮೇಲೆ ಹೊಸ ಎಲೆಗಳು ದಟ್ಟ ಹಸಿರಾಗಿ ಬಂದವು. ಹಳದಿಯಾದ ಎಲೆ ಉದುರಿಹೋಯಿತು, ಅಡವಿಟ್ಟದ್ದು ಮುಳುಗಿಹೋಗಿತ್ತು.

ಎಪ್ಸಮ್ ಉಪ್ಪು ಎಂದವರೂ ಪೂರ್ತಿ ತಪ್ಪಿಲ್ಲ. ಅದು ಮೆಗ್ನೀಸಿಯಂ ಲವಣ. ಎಲೆಗೆ ಹಸಿರು ಕೊಡುವ ಹರಿತ್ತಿನ ಪ್ರತಿ ಅಣುವಿನ ನಟ್ಟನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಹರಿತ್ತಿನ ರಚನೆಯ ಮೇಲೆ ದುಡಿದ ಜರ್ಮನಿಯ ರಿಚರ್ಡ್ ವಿಲ್‌ಶ್ಟೆಟರ್‌ಗೆ 1915ರ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕೆ. ಮೆಗ್ನೀಸಿಯಂ ಕೂಡ ಜಂಗಮ, ಆದ್ದರಿಂದ ಅದರ ಕೊರತೆಯೂ ಬುಡದ ಎಲೆಯಲ್ಲೇ ಮೊದಲು ಕಾಣುತ್ತದೆ. ವ್ಯತ್ಯಾಸ ಒಂದೇ: ನರಗಳು ಹಸಿರಾಗಿ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಸರಿಯಾಗಿ ತೊಳೆಯದ ಕೋಕೋಪೀಟಿನಲ್ಲಿ ಪೊಟ್ಯಾಸಿಯಂ ಅತಿಯಾಗಿದ್ದು ಮೆಗ್ನೀಸಿಯಂ ಬೇರಿನೊಳಗೆ ಬರದಂತೆ ಬಾಗಿಲಲ್ಲೇ ನೂಕುನುಗ್ಗಲು ಮಾಡುತ್ತದೆ. ನನ್ನ ಸಸಿಗಳ ಬುಡದೆಲೆಯಲ್ಲಿ ನರವೂ ಹಳದಿಯಾಗಿತ್ತು. ಹಾಗಾಗಿ ಎಪ್ಸಮ್ ಪೊಟ್ಟಣ ಬಿಚ್ಚಲಿಲ್ಲ.

ಬುಡದೆಲೆಯ ಅಡಿಭಾಗ ನೇರಳೆಗೆ ತಿರುಗಿದರೆ ಪುಸ್ತಕಗಳು ರಂಜಕದ ಕೊರತೆ ಎನ್ನುತ್ತವೆ, ಮಣ್ಣು ತಣ್ಣಗಿದ್ದು ಬೇರು ಅದನ್ನು ಹೀರಲಾರದು ಎನ್ನುತ್ತವೆ. ಆಗಸ್ಟಿನ ಅಂಬರನಾಥದಲ್ಲಿ ತಣ್ಣನೆಯ ಮಣ್ಣು ಫ್ರಿಜ್ಜಿನೊಳಗೆ ಮಾತ್ರ ಸಿಕ್ಕೀತು.

ಕೆಂಪು ಮಣ್ಣಿನಲ್ಲಿ ಕಬ್ಬಿಣದ ಹಸಿವು

ಈಗ ಎರಡನೆಯ ಕುಂಡ. ತುದಿಯ ಎಳೆ ಎಲೆ ಹಳದಿ, ನರ ಹಸಿರು, ಬುಡ ಹಸಿರು. ಬುಡದಲ್ಲಿ ಇದ್ದರೂ ತುದಿಗೆ ಸಿಗುತ್ತಿಲ್ಲ ಎಂದಾಯಿತು. ಅಂದರೆ ಕಾಣೆಯಾದದ್ದು ಅಡವಿಡಲಾಗದ ವಸ್ತು, ಸ್ಥಾವರ. ಎಳೆ ಎಲೆಯ ನರಗಳ ನಡುವೆ ಹೀಗೆ ಹಳದಿ ಬಂದರೆ ಮೊದಲ ಶಂಕೆ ಕಬ್ಬಿಣದ ಮೇಲೆ.

ಆದರೆ ಇದು ಕೆಂಪು ಮಣ್ಣು! ಕೊಂಕಣದ ಮುರಕಲ್ಲಿನ ಕೆಂಪು ಎಂದರೆ ಕಬ್ಬಿಣದ ಕೆಂಪು, ಸರಳವಾಗಿ ಹೇಳಿದರೆ ತುಕ್ಕು. ಕಬ್ಬಿಣದ ರಾಶಿಯ ಮೇಲೆ ಕೂತು ಕಬ್ಬಿಣಕ್ಕೆ ಹಸಿದಿರುವುದು ಹೇಗೆ? ಸಮುದ್ರದ ನಡುವೆ ಬಾಯಾರಿದವನ ಹಾಗೆಯೇ. ತುಕ್ಕು ನೀರಿನಲ್ಲಿ ಕರಗುವುದಿಲ್ಲ, ಕರಗದ್ದನ್ನು ಬೇರು ಕುಡಿಯಲಾರದು. ಟೊಮೇಟೊ ಬೇರಿಗೆ ಇದಕ್ಕೊಂದು ಉಪಾಯ ಗೊತ್ತು. ತನ್ನ ಸುತ್ತ ಹುಳಿಯನ್ನು ಸುರಿಸಿ ತುಕ್ಕನ್ನು ಸಡಿಲಿಸುತ್ತದೆ, ಬೇರಿನ ಮೈಮೇಲಿನ ಕಿಣ್ವದಿಂದ ಕಬ್ಬಿಣವನ್ನು ಕರಗುವ ರೂಪಕ್ಕೆ ತಿರುಗಿಸಿ ಒಳಗೆಳೆದುಕೊಳ್ಳುತ್ತದೆ. ಹಿತ್ತಾಳೆಯ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುವವರಿಗೆ ಈ ರಸಾಯನ ಕೈಗೇ ಗೊತ್ತಿದೆ.

ಹುಳಿಗೆ ಶತ್ರು ಯಾವುದು? ಸುಣ್ಣ. ನನ್ನ ಕುಂಡಕ್ಕೆ ಸುಣ್ಣ ಎಲ್ಲಿಂದ ಬರಬೇಕು ಎಂದು ಎರಡು ದಿನ ತಲೆ ಕೆರೆದುಕೊಂಡೆ. ಮೂರನೆಯ ದಿನ ಕಾಕುವಿನ ಜೊತೆ ಮಾತಾಡುವಾಗ ವಿಷಯ ತಾನಾಗಿ ಹೊರಬಿತ್ತು. ನಾನು ಊರಿಗೆ ಹೋಗಿದ್ದ ವಾರ ನೀರು ಹಾಕಲು ಅವರಿಗೆ ಕೀಲಿ ಕೊಟ್ಟಿದ್ದೆ. “ಗಟ್ಟಿಯಾಗಲಿ ಅಂತ ಎಲಿಯಡಿಕಿ ಸುಣ್ಣದ ತಿಳಿ ಹಾಕೀನಿ, ಮಣ್ಣಿನ ಕುಂಡಕ್ಕಷ್ಟ. ಆ ನಾರಿನ ಪುಡಿಗ್ಯಾಕ ಸುಣ್ಣ?” ಎಂದರು. ದಿನಕ್ಕೊಂದು ಲೋಟ, ಏಳು ದಿನ. ಬೇರು ಸುರಿಸಿದ ಹುಳಿಯನ್ನು ಸುಣ್ಣ ಕುಡಿದುಬಿಟ್ಟಿತು. ಕಬ್ಬಿಣ ಇದ್ದಲ್ಲೇ ತುಕ್ಕಾಗಿ ಉಳಿಯಿತು. ಆ ವಾರಕ್ಕೆ ಮೊದಲೇ ಬೆಳೆದಿದ್ದ ಬುಡದೆಲೆಗಳು ತಮ್ಮ ಪಾಲಿನ ಕಬ್ಬಿಣವನ್ನು ಆಗಲೇ ಗೋಡೆಗೆ ಕಟ್ಟಿಕೊಂಡಿದ್ದವು, ಹಸಿರಾಗಿ ಉಳಿದವು. ಆಮೇಲೆ ಹುಟ್ಟಿದ ಎಲೆಗೆ ಮಣ್ಣಿನಿಂದಲೂ ಇಲ್ಲ, ಅಣ್ಣಂದಿರಿಂದಲೂ ಇಲ್ಲ.

ಹಬ್ಬದ ದಿನ ಎಲ್ಲರ ಮಾತು ಕೇಳಿ ಇದೇ ಕುಂಡಕ್ಕೆ ಮೊಟ್ಟೆ ಸಿಪ್ಪೆಯನ್ನೂ, ಸಾಲದ್ದಕ್ಕೆ ಗಣಹೋಮದ ಬೂದಿಯನ್ನೂ ಹಾಕಿದ್ದರೆ ಏನಾಗುತ್ತಿತ್ತು? ಸಿಪ್ಪೆಯೂ ಸುಣ್ಣದ ಬಳಗ, ಬೂದಿಯೂ ಕ್ಷಾರ. ಉರಿಯುವ ಮನೆಗೆ ಎಣ್ಣೆ.

ಬೆವರದ ಎಲೆ

ಮೊಟ್ಟೆ ಸಿಪ್ಪೆಯವರ ಮನಸ್ಸಿನಲ್ಲಿದ್ದದ್ದು ಕ್ಯಾಲ್ಸಿಯಂ. ಅದರ ಕಥೆ ಇನ್ನೂ ಸ್ವಾರಸ್ಯವಾದದ್ದು, ಮತ್ತು ಅದು ನಮ್ಮ ಮಳೆಗಾಲದ ಕಥೆ.

ಕ್ಯಾಲ್ಸಿಯಂ ಅಪ್ಪಟ ಸ್ಥಾವರ. ನೀರುಗೊಳವೆಯಲ್ಲಿ ಮಾತ್ರ ಪ್ರಯಾಣ. ಆ ಕೊಳವೆಯಲ್ಲಿ ನೀರನ್ನು ಮೇಲೆಳೆಯುವ ಮುಖ್ಯ ಪಂಪು ಬುಡದಲ್ಲಿಲ್ಲ, ಎಲೆಯಲ್ಲಿದೆ. ಹೆಚ್ಚುಕಡಿಮೆ ಎಲೆ ಬೆವರಿದಷ್ಟೇ ನೀರು ಮೇಲೇರುತ್ತದೆ. ಜುಲೈ ಆಗಸ್ಟಿನಲ್ಲಿ ಇಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಕಪಾಟಿನೊಳಗಿನ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗದ ಗಾಳಿಯಲ್ಲಿ ಎಲೆ ಬೆವರುವುದಾದರೂ ಹೇಗೆ? ಮಣ್ಣಿನಲ್ಲಿ ಕ್ಯಾಲ್ಸಿಯಂ ತುಂಬಿ ತುಳುಕುತ್ತಿದ್ದರೂ ಗಾಡಿ ಹೊರಡುವುದಿಲ್ಲ. ಮಡಚಿಕೊಂಡೇ ಇರುವ ಪುಟ್ಟ ಎಳೆ ಎಲೆ ಬಲಿತ ಎಲೆಗಿಂತ ಕಡಿಮೆ ಬೆವರುವುದರಿಂದ ಅದರ ಪಾಲು ಇನ್ನೂ ಕಡಿಮೆ. ಅದರ ತುದಿ, ಅಂಚು ಕಂದಿ ಕರಕಲಾಗುತ್ತದೆ. ಔಷಧ ಸಿಪ್ಪೆಯಲ್ಲ, ಟೇಬಲ್ ಫ್ಯಾನ್. ದಿನಕ್ಕೆ ಕೆಲವು ಗಂಟೆ ಮೆಲ್ಲಗೆ ಗಾಳಿ ಆಡಿಸಿದರೆ ಎಲೆಯ ಸುತ್ತ ಕಟ್ಟಿಕೊಂಡ ತೇವ ಸರಿದು ಬೆವರು ಶುರುವಾಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಫ್ಯಾನ್ ಮಾರದೆ ಇರುವುದರಿಂದ ಈ ಸಲಹೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಬೆವರು ನಿಂತಾಗ ಇನ್ನೊಂದು ತಮಾಷೆ ನಡೆಯುತ್ತದೆ. ಬೇರು ಬೆಚ್ಚನೆಯ ಒದ್ದೆ ಮಣ್ಣಿನಿಂದ ಕುಡಿಯುತ್ತಲೇ ಇರುತ್ತದೆ, ಎಲೆ ಹೊರಬಿಡುವುದಿಲ್ಲ. ಒಳಗಿನ ಕೋಶಗಳು ಉಬ್ಬಿ ಒಡೆದು ಎಲೆಯ ಅಡಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳಾಗಿ, ಆಮೇಲೆ ಒರಟು ಚಕ್ಕೆಗಳಾಗಿ ಕಾಣುತ್ತವೆ. ಇದನ್ನು ಎಲೆಯ ಬಾವು ಎನ್ನಬಹುದು. ನೋಡಿದವರು ಹುಳು ಎಂದು ಔಷಧ ಹೊಡೆಯುತ್ತಾರೆ. ಹುಳುವೂ ಇಲ್ಲ, ಶಿಲೀಂಧ್ರವೂ ಇಲ್ಲ, ಒಂದು ಎಲೆಯಿಂದ ಇನ್ನೊಂದಕ್ಕೆ ಅಂಟುವುದೂ ಇಲ್ಲ.

ಬೆವರಿನ ಲೆಕ್ಕಕ್ಕೇ ಸೇರಿದ್ದು ಅಂಚು ಸುಡುವ ರೋಗ. ಗೊಬ್ಬರ ಜಾಸ್ತಿಯಾದಾಗ ಬುಡದ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ, ನೀರು ಆವಿಯಾದಲ್ಲಿ ಉಪ್ಪು ಉಳಿಯುತ್ತದೆ. ಅತಿ ಹೆಚ್ಚು ದಿನ ಬೆವರಿರುವುದು ಬುಡದ ಎಲೆ, ನೀರಿನ ಕೊನೆಯ ನಿಲ್ದಾಣ ಅಂಚು. ಇಲ್ಲೂ ವಿಳಾಸ ತಾನೇ ಬಾಯಿಬಿಡುತ್ತದೆ.

ಉಡುಪಿಯ ಹಿರಿಯರ ಮಾತಿಗೂ ನ್ಯಾಯ ಸಲ್ಲಿಸಬೇಕು. ನೀರು ನಿಂತ ಕುಂಡದಲ್ಲಿ ಟೊಮೇಟೊ ಎಲೆಗಳು ತೊಟ್ಟಿನಿಂದಲೇ ಕೆಳಗೆ ಬಾಗುತ್ತವೆ. ನೋಡಿದವರಿಗೆ ಬಾಯಾರಿದೆ ಎನಿಸಿ ಇನ್ನಷ್ಟು ನೀರು ಸುರಿಯುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆಂಟ್ ಬ್ರಾಡ್‌ಫರ್ಡ್ ಮತ್ತು ಷಾಂಗ್ ಫಾ ಯಾಂಗ್ 1980ರಲ್ಲಿ ಇದರ ಗುಟ್ಟನ್ನು ಟೊಮೇಟೊ ಗಿಡದಲ್ಲೇ ಬಿಡಿಸಿದರು. ಉಸಿರುಗಟ್ಟಿದ ಬೇರು ಒಂದು ರಾಸಾಯನಿಕವನ್ನು ನೀರುಗೊಳವೆಯಲ್ಲಿ ಮೇಲಕ್ಕೆ ಕಳಿಸುತ್ತದೆ. ಅದು ಎಲೆಗೆ ಬಂದು ಎಥಿಲೀನ್ ಅನಿಲವಾಗುತ್ತದೆ, ಬಾಳೆಹಣ್ಣನ್ನು ಮಾಗಿಸುವ ಅದೇ ಎಥಿಲೀನ್. ಅದರಿಂದ ತೊಟ್ಟಿನ ಮೇಲ್ಮೈ ಅಡಿಭಾಗಕ್ಕಿಂತ ಬೇಗ ಬೆಳೆದು ಎಲೆ ಕೆಳಗೆ ಬಾಗುತ್ತದೆ. ಬಾಯಾರಿದ ಎಲೆ ಒದ್ದೆ ಬಟ್ಟೆಯಂತೆ ಜೋಲುತ್ತದೆ. ಉಸಿರುಗಟ್ಟಿದ ಸಸಿಯ ಎಲೆ ಬಾಗಿದ್ದರೂ ಬಿರುಸಾಗಿರುತ್ತದೆ. ಅನುಮಾನ ಬಂದರೆ ಕುಂಡವನ್ನು ಎತ್ತಿ ನೋಡಿ. ಭಾರವಿದ್ದರೆ ನೀರಿನ ಚೆಂಬನ್ನು ಕೆಳಗಿಡಿ.

ಕಣ್ಣು ಹೇಳುವ ಸುಳ್ಳು

ಎಲ್ಲೆಲ್ಲೂ ಒಂದೇ ಸಮ ಪೇಲವ, ಕಾಂಡ ಉದ್ದ, ಎಲೆ ಚಿಕ್ಕದು, ಸಸಿ ಕಿಟಕಿಯ ಕಡೆ ವಾಲಿದೆ. ಈ ಹಳದಿಗೆ ವಿಳಾಸವೇ ಇಲ್ಲ. ಇದು ಬೆಳಕಿನ ಬರ.

“ನಮ್ಮ ಹಾಲ್‌ನಲ್ಲಿ ತುಂಬಾ ಬೆಳಕು” ಎನ್ನುವವರನ್ನು ನಮ್ಮ ಊರಿನ ಶಿವಾಲಯಕ್ಕೆ ಕರೆದುಕೊಂಡು ಹೋಗಬೇಕು. ಶಿಲಾಹಾರರ ಕಾಲದ, ಕ್ರಿ.ಶ. 1060ರ ಶಾಸನವಿರುವ ಗುಡಿ. ಹೊರಗಿನ ಅಂಗಳದಿಂದ ಮಂಟಪಕ್ಕೆ ಬಂದು, ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಇಳಿದ ಕ್ಷಣ ಕತ್ತಲು. ಒಂದು ನಿಮಿಷ ನಿಂತರೆ ಲಿಂಗ, ಹೂವು, ಗೋಡೆ ಎಲ್ಲ ಕಾಣುತ್ತವೆ. ಬೆಳಕು ಹೆಚ್ಚಿಲ್ಲ, ಕಣ್ಣು ಹೊಂದಿಕೊಂಡಿದೆ. ಎಲೆಗೆ ಈ ಸೌಲಭ್ಯ ಅಷ್ಟಿಲ್ಲ. ಅದು ಬೆಳಕಿನ ಕಣಗಳನ್ನು ಎಣಿಸಿಯೇ ಊಟ ಮಾಡುತ್ತದೆ. ಮಧ್ಯಾಹ್ನದ ಬಯಲಲ್ಲಿ ಸುಮಾರು 1,00,000 ಲಕ್ಸ್ ಬೆಳಕಿದ್ದರೆ, ಮೋಡ ಕವಿದ ಹೊತ್ತಿಗೆ ಅದು ಹತ್ತನೆಯ ಒಂದು ಪಾಲಿಗೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಕಿಟಕಿಯ ಗ್ರಿಲ್ಲಿನ ಒಳಗೆ ಒಂದೆರಡು ಸಾವಿರ. ಟ್ಯೂಬ್‌ಲೈಟಿನ ಕೋಣೆಯ ನಡುವೆ ಕೆಲವು ನೂರು. ಎಳೆ ಟೊಮೇಟೊ ಗಟ್ಟಿಯಾಗಿ ಬೆಳೆಯಲು ಹತ್ತು ಸಾವಿರಕ್ಕಿಂತ ಮೇಲೆ ಬೇಕು. ಒಂದು ಬಿಳಿ ಎಲ್‌ಇಡಿ ದೀಪವನ್ನು ಸಸಿಯ ತಲೆಯಿಂದ ಒಂದು ಗೇಣು ಎತ್ತರದಲ್ಲಿ 12ರಿಂದ 14 ಗಂಟೆ ಉರಿಸಿದರೆ ಸಮಸ್ಯೆ ಮುಗಿಯುತ್ತದೆ. ದೀಪವನ್ನು ಸೂರಿನಲ್ಲಿ ತೂಗುಹಾಕಿದರೆ ಅದು ನಿಮಗೆ, ಸಸಿಗಲ್ಲ.

ಇದರ ಮರುಪಾಳಿ ಅಕ್ಟೋಬರಿನಲ್ಲಿ. ಮಳೆ ನಿಂತು ಬಿಸಿಲು ಸುಡತೊಡಗಿದಾಗ ಸಸಿಯನ್ನು ನೇರ ತಾರಸಿಗೆ ಇಟ್ಟರೆ ಮರುದಿನ ಎಲೆಯ ಮೇಲೆ ಕಾಗದದಂಥ ಬಿಳಿ ಕಲೆಗಳು, ಬಿಸಿಲಿಗೆ ಮುಖ ಮಾಡಿದ ಕಡೆ ಮಾತ್ರ. ಕಿಟಕಿಯ ಗಾಜು ಅತಿನೇರಳೆ ಕಿರಣಗಳ ಚುರುಕಾದ ಪಾಲನ್ನು ತಡೆಯುವುದರಿಂದ ಒಳಗೆ ಬೆಳೆದ ಎಲೆಗೆ ಅವುಗಳ ಪರಿಚಯವೇ ಇರುವುದಿಲ್ಲ. ಮೊದಲ ದಿನ ಬೆಳಗಿನ ಒಂದು ಗಂಟೆ, ಆಮೇಲೆ ದಿನದಿನಕ್ಕೆ ಹೆಚ್ಚಿಸಿ ಒಂದು ವಾರ. ಅವಸರ ಬೇಡ.

ಕೋಲಾರದಿಂದ ಬಂದ ಮಾತು

ಒಂದು ಹಳದಿ ಮಾತ್ರ ಇವೆಲ್ಲಕ್ಕಿಂತ ಭಯದ್ದು. ತುದಿಯ ಎಲೆಗಳು ಚಿಕ್ಕದಾಗಿ, ದೊನ್ನೆಯ ಹಾಗೆ ಮೇಲಕ್ಕೆ ಮುದುಡಿ, ಸುಕ್ಕಾಗಿ, ಅಂಚು ಹಳದಿಯಾಗುತ್ತದೆ; ಗಿಡ ಕುಳ್ಳಾಗಿ ನಿಂತುಬಿಡುತ್ತದೆ. ಕೋಲಾರ, ಚಿಂತಾಮಣಿ ಕಡೆಯ ರೈತರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಎಲೆ ಮುದುಡು ರೋಗ. ತರುವುದು ವೈರಸ್, ಹೊರುವುದು ಬಿಳಿನೊಣ. ಹೆಸರು ನೊಣ, ಗಾತ್ರ ಒಂದು ಮಿಲಿಮೀಟರು.

1999ರಲ್ಲಿ ಕೋಲಾರದ ಟೊಮೇಟೊ ಹೊಲಗಳಲ್ಲಿ ಬಿಳಿನೊಣ ಹಿಂದೆಂದೂ ಕಾಣದಷ್ಟು ಏಳತೊಡಗಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಅವರ ಜೊತೆಗಾರರು ಪರೀಕ್ಷಿಸಿದಾಗ ಅದು ಊರ ಬಿಳಿನೊಣವಲ್ಲ, ಹೊರಗಿನಿಂದ ಬಂದ ‘ಬಿ’ ಬಗೆಯದು ಎಂದು ತಿಳಿಯಿತು. ಭಾರತದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ಅದೇ ವಿಶ್ವವಿದ್ಯಾಲಯದಿಂದ ಈ ರೋಗ ತಡೆಯುವ ನಂದಿ, ಸಂಕ್ರಾಂತಿ, ವೈಭವ್ ಎಂಬ ತಳಿಗಳು ಬಂದವು; ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಮೂರು ರೋಗಗಳನ್ನು ತಾಳುವ ಅರ್ಕಾ ರಕ್ಷಕ್ ಬಂತು.

ನಮ್ಮ ಕಥೆಗೆ ಬೇಕಾದ ಪ್ರಶ್ನೆ ಇದು: ವೈರಸ್ಸಿನ ಗುರುತು ತುದಿಯಲ್ಲೇ ಏಕೆ? ಬಿಳಿನೊಣ ತನ್ನ ಸೂಜಿಮೂತಿಯನ್ನು ಚುಚ್ಚುವುದು ಅನ್ನಗೊಳವೆಗೆ, ಸಕ್ಕರೆ ಅಲ್ಲಿದೆ. ಎಂಜಲಿನ ಜೊತೆ ವೈರಸ್ ಅಲ್ಲೇ ಇಳಿಯುತ್ತದೆ, ಹೆಚ್ಚಾಗಿ ಅಲ್ಲೇ ಮನೆ ಮಾಡುತ್ತದೆ. ಅನ್ನದ ಗಾಡಿ ಹೋಗುವುದು ಬಲಿತ ಎಲೆಯಿಂದ ಚಿಗುರಿಗೆ. ಅದೇ ಗಾಡಿಯಲ್ಲಿ ವೈರಸ್ಸೂ ಚಿಗುರಿಗೆ ಇಳಿಯುತ್ತದೆ. ನೊಣ ಕಚ್ಚಿದ್ದು ಬುಡದೆಲೆಯನ್ನೇ ಆದರೂ ಅದು ಆಗಲೇ ಬೆಳೆದು ಆಕಾರ ಪಡೆದಿರುವುದರಿಂದ ಸಪಾಟಾಗಿಯೇ ಉಳಿಯುತ್ತದೆ. ಇನ್ನೂ ಆಕಾರ ಪಡೆಯುತ್ತಿರುವ ಎಲೆ ವಿಕಾರವಾಗುತ್ತದೆ. ಕಬ್ಬಿಣ ಗಾಡಿ ಹತ್ತದೆ ತುದಿಯನ್ನು ಹಳದಿ ಮಾಡಿತು, ವೈರಸ್ ಗಾಡಿ ಹತ್ತಿ ಅದನ್ನೇ ಮಾಡಿತು. ಎರಡನ್ನೂ ಬೇರ್ಪಡಿಸುವುದು ಆಕಾರ. ಕಬ್ಬಿಣಕ್ಕೆ ಹಸಿದ ಎಲೆ ಬಣ್ಣಗೆಟ್ಟರೂ ಸೊಟ್ಟಗಾಗುವುದಿಲ್ಲ.

ಬಲಿತ ಗಿಡದ ಬುಡದೆಲೆಗಳು ಬಿಸಿಲಿಗೋ ನೀರಿನ ಏರುಪೇರಿಗೋ ಉದ್ದಕ್ಕೆ ಸುರುಳಿಯಾಗಿ ದಪ್ಪಗಾಗುವುದುಂಟು. ಬಣ್ಣ ಹಸಿರಾಗಿಯೇ ಇರುತ್ತದೆ, ಅದು ವೈರಸ್ಸಲ್ಲ. ಎಲೆಯ ಮೇಲೆ ಬಿಳಿ ಗೆರೆಯ ಚಿತ್ತಾರ ಬಿಡಿಸುವುದು ರಂಗೋಲಿ ಹುಳು. ನಮ್ಮ ರೈತರು ಇಟ್ಟ ಹೆಸರುಗಳಲ್ಲಿ ಇದಕ್ಕಿಂತ ಚಂದದ್ದು ನನಗೆ ಗೊತ್ತಿಲ್ಲ. ಎಲೆ ಚೆನ್ನಾಗಿದ್ದೂ ಸಸಿ ಒಂದು ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮುರಿದು ಬಿದ್ದರೆ ಅದು ಸಸಿ ಕೊಳೆ ರೋಗ. ಅದನ್ನು ಎಲೆಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ವೈರಸ್ ಹಿಡಿದ ಸಸಿಗೆ ಔಷಧವಿಲ್ಲ. ಚೀಲದೊಳಗೆ ಹಾಕಿ ಕಟ್ಟಿ ಕಸಕ್ಕೆ ಕಳಿಸಬೇಕು, ಕಿಟಕಿಯಲ್ಲಿ ಕೊಡವಿದರೆ ಬಿಳಿನೊಣ ಪಕ್ಕದ ಕುಂಡಕ್ಕೆ ಹಾರುತ್ತದೆ. ಕರ್ನಾಟಕದ ನರ್ಸರಿಗಳು ಸಸಿಮಡಿಯ ಮೇಲೆ ದಟ್ಟ ಕಣ್ಣಿನ ನೈಲಾನ್ ಪರದೆ ಹಾಕುವುದು ಇದಕ್ಕೇ. ಕಿಟಕಿಗೆ ಹಳೆಯ ಸೊಳ್ಳೆಪರದೆ ಸಾಲದು, ಸೊಳ್ಳೆ ತಡೆಯುವ ಕಣ್ಣಿನಲ್ಲಿ ಬಿಳಿನೊಣ ಆರಾಮಾಗಿ ನುಸುಳುತ್ತದೆ.

ಅನ್ನಭೇದಿ ಮತ್ತು ಬ್ರಷ್ಷು

ಕೆಂಪು ಮಣ್ಣಿನ ಕುಂಡದ ಬಗ್ಗೆ ನನ್ನ ಊಹೆ ಸರಿ ಎಂದು ಇನ್ನೂ ಸಾಬೀತಾಗಿರಲಿಲ್ಲ. ಸಾಬೀತು ಮಾಡುವ ದಾರಿಯನ್ನು 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿಸ್ ತೋರಿಸಿಕೊಟ್ಟಿದ್ದ. ಗಿಡಕ್ಕೆ ಕಬ್ಬಿಣ ಬೇಕೆಂದೇ ಯಾರಿಗೂ ಖಾತ್ರಿಯಿರದ ಕಾಲ ಅದು. ಹಳದಿಯಾದ ಎಲೆಗಳಿಗೆ ಆತ ಕಬ್ಬಿಣದ ಲವಣದ ನೀರು ಸವರಿದ. ಸವರಿದ ಕಡೆ ಹಸಿರು ಮರಳಿತು.

ಅಂಥ ಕಬ್ಬಿಣದ ಲವಣಕ್ಕಾಗಿ ಅಂಬರನಾಥದ ಪೂಜಾ ಸಾಮಾನಿನ ಅಂಗಡಿಯಲ್ಲಿ ಅನ್ನಭೇದಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹಿರಾಕಸ್ ಎಂದ ಮೇಲೆ ತಿಳಿ ಹಸಿರು ಹರಳುಗಳ ಪೊಟ್ಟಣ ಕೊಟ್ಟರು. ಲೀಟರು ನೀರಿಗೆ ಒಂದು ಗ್ರಾಂ, ಎಳೆ ಎಲೆಗೆ ಅದಕ್ಕಿಂತ ಹೆಚ್ಚು ಬೇಡ. ಮಗಳ ಬಣ್ಣದ ಪೆಟ್ಟಿಗೆಯಿಂದ ಅತಿ ಸಣ್ಣ ಬ್ರಷ್ ತೆಗೆದು, ಸಂಜೆ ಒಂದು ಹಳದಿ ಎಲೆಯ ಎಡ ಅರ್ಧಕ್ಕೆ ಮಾತ್ರ ಸವರಿದೆ. ಬಲ ಅರ್ಧವನ್ನು ಬಿಟ್ಟೆ. ಎರಡು ದಿನದ ಮೇಲೆ ಇನ್ನೊಮ್ಮೆ.

ವಾರದ ಕೊನೆಗೆ ಕಾಕು ಮೋದಕದ ಡಬ್ಬಿ ವಾಪಸು ಕೊಡಲು ಬಂದವರು ಕಿಟಕಿಯ ಬಳಿ ಬಗ್ಗಿ ನೋಡಿದರು. ಎಲೆಯ ನಡುನರದ ಎಡಕ್ಕೆ ಹಸಿರು, ಬಲಕ್ಕೆ ಹಳದಿ. ಎಡದ ಕಬ್ಬಿಣ ನಡುನರವನ್ನು ದಾಟಿ ಬಲಕ್ಕೆ ಹೋಗಿರಲಿಲ್ಲ.

“ಅರ್ಧಕ್ಕ ಹಚ್ಚಿ ಅರ್ಧ ಯಾಕ ಬಿಟ್ಟಿ? ಪಾಪ” ಎಂದು ಅವರೇ ಬ್ರಷ್ಷು ಕೈಗೆ ತೆಗೆದುಕೊಂಡರು.